ಜಿಜ್ಞಾಸೆಗೆ ವೇದಿಕೆ ಕಟ್ಟಿದ ಗುರು: ಡಾ. ಎಚ್. ನರಸಿಂಹಯ್ಯ

ವಿದ್ಯಾರ್ಥಿಯ ಬಾಳಿನಲ್ಲಿ ಪಠ್ಯಪುಸ್ತಕದ ಸ್ಥಾನ ಹಿರಿದಾದುದು. ಆದರೆ ಪುಸ್ತಕವೊಂದೇ ಹೇಳಲಾರದ ಸಂಗತಿಯೊಂದುಂಟು. ತಾನು ಕಲಿತ ವಿದ್ಯೆ ತನ್ನನ್ನು ಎಲ್ಲಿಗೆ ಕೊಂಡೊಯ್ಯಬಲ್ಲುದು, ಆ ಹಾದಿಯಲ್ಲಿ ಮುಂದೆ ನಡೆದವರು ಯಾರು, ಅವರು ಎಡವಿದ್ದೆಲ್ಲಿ, ಎದ್ದು ನಿಂತದ್ದು ಹೇಗೆ ಎಂಬುದನ್ನು ಬಾಲಕನು ಸಾಧಕರ ಬಾಯಿಂದಲೇ ಕೇಳಿ ತಿಳಿಯಬೇಕು. ನಗರದ ಅನುಕೂಲಸ್ಥರ ಮಕ್ಕಳಿಗೆ ಈ ತಿಳಿವು ಮನೆಯ ಜಗುಲಿಯಲ್ಲಿಯೇ ದೊರೆಯುತ್ತದೆ. ಹಳ್ಳಿಯ ಮಕ್ಕಳಿಗೆ ಅದು ದೊರೆಯುವುದು ಶಾಲೆಯಲ್ಲಿ ಮಾತ್ರ. ಶಾಲೆಯಲ್ಲಿಯೂ ದೊರೆಯದಿದ್ದರೆ ಮತ್ತೆಲ್ಲಿಯೂ ಇಲ್ಲ. ಈ ಕೊರತೆಯನ್ನು ತಮ್ಮ ಬಾಲ್ಯದಲ್ಲಿ ತಾವೇ ಅನುಭವಿಸಿ, ಮುಂದೆ ಅದನ್ನು ನೀಗಿಸುವುದನ್ನೇ ಒಂದು ಕಾಯಕವಾಗಿ ಕೈಗೊಂಡವರು ಡಾ. ಎಚ್. ನರಸಿಂಹಯ್ಯನವರು. ನಾಡಿನ ಜನರೆಲ್ಲ ಪ್ರೀತಿಯಿಂದ ಅವರನ್ನು ಕರೆದದ್ದು ಎಚ್ಚೆನ್ ಎಂದು.

ನರಸಿಂಹಯ್ಯನವರು ಜನಿಸಿದ್ದು ೧೯೨೦ನೆಯ ಇಸವಿ ಜೂನ್ ೬ರಂದು, ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ಅಂದು ಕೋಲಾರ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕು ೨೦೦೭ರಿಂದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ. ದೊಡ್ಡಬಳ್ಳಾಪುರದ ಗಡಿಗೆ ಹೊಂದಿಕೊಂಡಿರುವ ಆ ಸೀಮೆ ಮಳೆಯನ್ನೇ ನಂಬಿದ ಒಣಭೂಮಿ. ಮನೆಯಲ್ಲಿ ಕಡುಬಡತನ. ಸಾಮಾಜಿಕವಾಗಿಯೂ ಹಿಂದುಳಿದ ಮನೆತನ. ಬಾಲಕನ ಬುದ್ಧಿ ಚುರುಕಾಗಿದ್ದರೂ ಊರಿನ ಶಾಲೆಯ ತರಗತಿಗಳು ಮುಗಿದ ಮೇಲೆ ಮುಂದೆ ಹೋಗಲು ದಾರಿ ಇರಲಿಲ್ಲ. ಹೊಸೂರಿನಲ್ಲಿ ಪ್ರೌಢಶಾಲೆ ಇರಲಿಲ್ಲ. ಪರಸ್ಥಳದಲ್ಲಿಟ್ಟು ಓದಿಸುವ ಶಕ್ತಿ ಹೆತ್ತವರಿಗಿರಲಿಲ್ಲ. ಅಂತಹ ಎಷ್ಟೋ ಮಕ್ಕಳು ಆ ಘಟ್ಟದಲ್ಲಿಯೇ ಓದಿಗೆ ಶರಣು ಹೇಳಿ ಹೊಲಗೆಲಸಕ್ಕೆ, ಕೂಲಿಗೆ ಹಿಂದಿರುಗಿದರು. ಅವರ ಹೆಸರುಗಳು ಯಾವ ಪುಸ್ತಕದಲ್ಲಿಯೂ ಉಳಿದಿಲ್ಲ.

ನರಸಿಂಹಯ್ಯನವರ ಹೆಸರು ಉಳಿಯಿತು. ಅದಕ್ಕೆ ಕಾರಣ, ಅವರಿಗೆ ಪಾಠ ಹೇಳಿದ್ದ ಉಪಾಧ್ಯಾಯರೊಬ್ಬರು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಸೇರುವಂತೆ ಪ್ರೇರೇಪಿಸಿದ್ದು. ಬೆಂಗಳೂರಿನಲ್ಲಿ ಅಂತಹದೊಂದು ಶಾಲೆಯಿದೆ, ಬಡಹುಡುಗನಿಗೂ ಅಲ್ಲಿ ಸ್ಥಳವುಂಟು ಎಂಬ ತಿಳಿವು ಒಬ್ಬರ ಬಾಯಿಂದ ಬಂದು ಮತ್ತೊಬ್ಬರ ಬಾಳನ್ನು ತಿರುಗಿಸಿತು. ೧೯೩೫ರಲ್ಲಿ, ಹದಿನೈದರ ಹರೆಯದ ಬಾಲಕ ಬಸ್ಸಿನ ದುಡ್ಡಿಗೂ ಗತಿಯಿಲ್ಲದೆ ಹೊಸೂರಿನಿಂದ ಕಾಲ್ನಡಿಗೆಯಲ್ಲಿಯೇ ಹೊರಟು, ಸುಮಾರು ೮೫ ಕಿಲೋಮೀಟರ್ ದೂರವನ್ನು ಎರಡು ದಿನಗಳಲ್ಲಿ ಕ್ರಮಿಸಿ ಬೆಂಗಳೂರನ್ನು ಮುಟ್ಟಿದನು. ಗೌರಿಬಿದನೂರಿನ ರಸ್ತೆ ಇಂದಿಗೂ ದೊಡ್ಡಬಳ್ಳಾಪುರ, ಯಲಹಂಕಗಳನ್ನು ಹಾದು ರಾಜಧಾನಿಯನ್ನು ಸೇರುತ್ತದೆ. ಇಂದು ಎರಡು ತಾಸಿನಲ್ಲಿ ಮುಗಿಯುವ ಆ ಹಾದಿಯಲ್ಲಿ ಸಂಚರಿಸುವ ವಿದ್ಯಾರ್ಥಿಗಳು, ವಿದ್ಯೆಗಾಗಿ ಅಷ್ಟು ದೂರ ನಡೆದ ಆ ಪಾದಗಳನ್ನು ಒಮ್ಮೆಯಾದರೂ ನೆನೆಯುವುದು ಯೋಗ್ಯ.

ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ೧೯೧೭ರಲ್ಲಿ, ಅನಿಬೆಸೆಂಟ್ ಅವರ ರಾಷ್ಟ್ರೀಯ ಶಿಕ್ಷಣದ ಆದರ್ಶದಿಂದ ಸ್ಫೂರ್ತಿ ಪಡೆದು ಆರಂಭವಾದ ಸಂಸ್ಥೆ. ಅಲ್ಲಿನ ಮುಖ್ಯೋಪಾಧ್ಯಾಯರಾಗಿದ್ದ ಕೆ. ಸಂಪದ್ಗಿರಿರಾಯರು ಗಾಂಧೀವಾದಿಗಳು, ಸಾಹಿತ್ಯಪ್ರಿಯರು. ಅಂತಹ ವಾತಾವರಣದಲ್ಲಿ ಹಳ್ಳಿಯ ಹುಡುಗನ ಸಂಕೋಚ ಕರಗಿತು. ೧೯೩೬ರಲ್ಲಿ ಮಹಾತ್ಮ ಗಾಂಧಿಯವರು ಆ ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಅನುವಾದಿಸುವ ಭಾಗ್ಯ ನರಸಿಂಹಯ್ಯನವರದಾಯಿತು. ವರ್ಷದ ಹಿಂದಷ್ಟೇ ಧೂಳು ಮೆತ್ತಿದ ಕಾಲುಗಳಲ್ಲಿ ನಗರಕ್ಕೆ ಬಂದ ಬಾಲಕ, ದೇಶವೇ ತಲೆಬಾಗುತ್ತಿದ್ದ ಮಹಾಪುರುಷರ ಪಕ್ಕದಲ್ಲಿ ನಿಂತು ಅವರ ಮಾತಿಗೆ ಕಂಠವಾದನು. ಹಿರಿಯರೊಬ್ಬರನ್ನು ಸಮೀಪದಿಂದ ಕಂಡು ಕೇಳುವುದು ಎಳೆಯ ಮನಸ್ಸಿನಲ್ಲಿ ಎಂತಹ ಅಚ್ಚೊತ್ತುತ್ತದೆ ಎಂಬುದಕ್ಕೆ ಅವರ ಮುಂದಿನ ಬದುಕೇ ಸಾಕ್ಷಿ. ಖಾದಿಯ ಉಡುಪು, ಗಾಂಧಿ ಟೋಪಿ, ಮಿತವಾದ ಆಹಾರ, ಸತ್ಯನಿಷ್ಠೆ ಇವು ಕೊನೆಯುಸಿರಿನವರೆಗೆ ಅವರನ್ನು ಬಿಡಲಿಲ್ಲ.

ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸ್ ವ್ಯಾಸಂಗ ನಡೆದಿದ್ದಾಗಲೇ ೧೯೪೨ರ ಚಲೇಜಾವ್ ಚಳವಳಿ ಮೊದಲಾಯಿತು. ನರಸಿಂಹಯ್ಯನವರು ಓದನ್ನು ಬದಿಗಿಟ್ಟು ಚಳವಳಿಗೆ ಧುಮುಕಿ ಸೆರೆಮನೆ ಸೇರಿದರು. ಕಷ್ಟಪಟ್ಟು ದೊರಕಿಸಿಕೊಂಡ ವಿದ್ಯಾಭ್ಯಾಸವನ್ನು ಹೀಗೆ ಪಣಕ್ಕೊಡ್ಡುವುದು ಬಡವನ ಮಗನಿಗೆ ಸಣ್ಣ ತ್ಯಾಗವಲ್ಲ. ಬಿಡುಗಡೆಯಾದ ಮೇಲೆ ಛಲದಿಂದ ಓದು ಮುಂದುವರಿಸಿ ೧೯೪೬ರಲ್ಲಿ ಎಂ.ಎಸ್‌ಸಿ. ಪದವಿ ಪಡೆದು, ಅದೇ ವರ್ಷ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕರಾದರು. ಹಲವು ವರ್ಷ ಪಾಠ ಹೇಳಿದ ಬಳಿಕ ಅಮೆರಿಕಕ್ಕೆ ತೆರಳಿ, ಓಹಿಯೋ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ಬೀಜ ಭೌತಶಾಸ್ತ್ರದಲ್ಲಿ ಸಂಶೋಧನೆ ನಡೆಸಿ ೧೯೬೦ರಲ್ಲಿ ಡಾಕ್ಟರೇಟ್ ಗಳಿಸಿದರು. ಆಗ ಅವರ ವಯಸ್ಸು ನಲವತ್ತು. ಕಲಿಯುವುದಕ್ಕೆ ವಯಸ್ಸಿನ ಕಟ್ಟಿಲ್ಲವೆಂಬುದನ್ನು ಅವರು ಹೇಳಿ ತೋರಿಸಲಿಲ್ಲ, ಮಾಡಿ ತೋರಿಸಿದರು. ಆ ಪದವಿ ಹೊತ್ತವರಿಗೆ ವಿದೇಶದಲ್ಲಿ ಅವಕಾಶಗಳು ತೆರೆದಿದ್ದ ಕಾಲವದು. ನರಸಿಂಹಯ್ಯನವರು ಹಿಂದಿರುಗಿ ಬಂದದ್ದು ತಮ್ಮ ಹಳೆಯ ಕಾಲೇಜಿಗೆ. ೧೯೬೧ರಲ್ಲಿ ಅದರ ಪ್ರಾಂಶುಪಾಲರಾಗಿ ೧೯೭೨ರವರೆಗೆ ಆ ಸ್ಥಾನವನ್ನು ಬೆಳಗಿದರು.

ಪ್ರಾಂಶುಪಾಲರಾದ ಮರುವರ್ಷವೇ, ೧೯೬೨ರಲ್ಲಿ, ಅವರ ನೇತೃತ್ವದಲ್ಲಿ ಬೆಂಗಳೂರು ಸೈನ್ಸ್ ಫೋರಂ ಎಂಬ ವಿಜ್ಞಾನ ವೇದಿಕೆ ಜನ್ಮತಾಳಿತು. ಅದರ ಹಿಂದಿದ್ದ ವಿಚಾರ ಸರಳವಾದುದು. ಬೆಂಗಳೂರು ವಿಜ್ಞಾನದ ತವರು. ೧೯೦೯ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆ, ೧೯೪೦ರ ವಿಮಾನ ಕಾರ್ಖಾನೆ, ಸರ್ ಸಿ. ವಿ. ರಾಮನ್ನರು ಕಟ್ಟಿದ ಸಂಶೋಧನಾಲಯ ಮೊದಲಾದವು ಇರುವ ಊರಿದು. ಆ ಸಂಸ್ಥೆಗಳ ಗೋಡೆಗಳೊಳಗೆ ಜಗತ್ತೇ ಬೆರಗಾಗುವ ಕೆಲಸ ನಡೆಯುತ್ತಿದ್ದರೂ ಅವುಗಳ ಮುಂದಿನ ರಸ್ತೆಯಲ್ಲಿ ದಿನವೂ ಓಡಾಡುವ ವಿದ್ಯಾರ್ಥಿಗೆ ಅದರ ಸುಳಿವಿರಲಿಲ್ಲ. ವಿಜ್ಞಾನಿಯನ್ನು ಆತನ ಪ್ರಯೋಗಾಲಯದಿಂದ ವಿದ್ಯಾರ್ಥಿಗಳ ನಡುವಿಗೆ ಕರೆತರಬೇಕು. ಆತ ಏನು ಮಾಡುತ್ತಿದ್ದಾನೆ, ಏಕೆ ಮಾಡುತ್ತಿದ್ದಾನೆ ಎಂಬುದನ್ನು ತಿಳಿಯಾದ ಮಾತಿನಲ್ಲಿ ಹೇಳಬೇಕು. ಕೇಳಿದವರು ಅಳುಕಿಲ್ಲದೆ ಪ್ರಶ್ನಿಸಬೇಕು. ಇದೇ ವೇದಿಕೆಯ ಉದ್ದೇಶ. ವಾರಕ್ಕೊಂದು ಉಪನ್ಯಾಸ, ಬುಧವಾರದ ಸಂಜೆ, ನ್ಯಾಷನಲ್ ಕಾಲೇಜಿನ ಆವರಣದಲ್ಲಿ, ಯಾವ ಶುಲ್ಕವೂ ಇಲ್ಲದೆ, ಬಂದವರೆಲ್ಲರಿಗೂ ಬಾಗಿಲು ತೆರೆದು ನಡೆಯಿತು. ಅನಂತರದ ವರ್ಷಗಳಲ್ಲಿ ಪ್ರತಿ ಜುಲೈ ತಿಂಗಳು ಉಪನ್ಯಾಸಮಾಲೆಯೇ ಏರ್ಪಟ್ಟು, ವಿಜ್ಞಾನದ ಉತ್ಸವವೆಂದು ಹೆಸರಾಯಿತು.

ಈ ವ್ಯವಸ್ಥೆಯ ಮರ್ಮ ಅದರ ನಿಯಮಿತತೆಯಲ್ಲಿದೆ. ಶಾಲಾ ಕಾಲೇಜುಗಳಲ್ಲಿ ವರ್ಷಕ್ಕೊಮ್ಮೆ ವಾರ್ಷಿಕೋತ್ಸವದಂದು ಗಣ್ಯರನ್ನು ಕರೆದು, ಹಾರ ಹಾಕಿ, ಭಾಷಣ ಮಾಡಿಸಿ ಬೀಳ್ಕೊಡುವ ಪದ್ಧತಿ ಎಲ್ಲೆಡೆ ಇದೆ. ಅಂದಿನ ಗದ್ದಲದಲ್ಲಿ ಕೇಳಿದ ಮಾತು ಅಂದೇ ಮರೆತುಹೋಗುತ್ತದೆ. ವಾರವಾರವೂ ತಪ್ಪದೆ ನಡೆಯುವ ಉಪನ್ಯಾಸದ ಬಗೆ ಬೇರೆ. ಈ ವಾರ ಖಗೋಳ, ಮುಂದಿನ ವಾರ ವೈದ್ಯಕೀಯ, ಆಮೇಲೆ ತಂತ್ರವಿದ್ಯೆ ಎಂದು ವಿಷಯಗಳು ಬದಲಾಗುತ್ತಿದ್ದಂತೆ ವಿದ್ಯಾರ್ಥಿಯ ಕಣ್ಣೆದುರು ವಿದ್ಯೆಯ ಹಲವು ಕವಲುಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಯಾವುದೋ ಒಂದು ಸಂಜೆ, ಯಾವುದೋ ಒಂದು ಮಾತು, ಆತನ ಮನಸ್ಸಿನ ತಂತಿಯನ್ನು ಮೀಟುತ್ತದೆ. ಅದು ಯಾವ ಸಂಜೆ ಎಂಬುದನ್ನು ಮುಂಚಿತವಾಗಿ ಯಾರೂ ಹೇಳಲಾರರು. ಆದುದರಿಂದಲೇ ಎಲ್ಲ ಸಂಜೆಗಳೂ ನಡೆಯಬೇಕು.

ಎರಡನೆಯ ಮರ್ಮ ಪ್ರಶ್ನೆ. ನರಸಿಂಹಯ್ಯನವರ ದೃಷ್ಟಿಯಲ್ಲಿ ಉಪನ್ಯಾಸವನ್ನು ಸುಮ್ಮನೆ ಕೇಳಿ ಎದ್ದುಹೋಗುವುದು ಅರೆಕಲಿಕೆ. ಯಾರೇ ಹೇಳಲಿ, ಎಷ್ಟೇ ದೊಡ್ಡವರು ಹೇಳಲಿ, ಏಕೆ, ಹೇಗೆ ಎಂದು ವಿಚಾರಿಸಿ ತಿಳಿದು ಒಪ್ಪಬೇಕೆಂಬುದು ಅವರ ಬೋಧೆಯ ತಿರುಳು. ಪ್ರಶ್ನೆ ಕೇಳುವ ವಿದ್ಯಾರ್ಥಿ ಉದ್ಧಟನಲ್ಲ, ಕೇಳದವನು ವಿನೀತನೂ ಅಲ್ಲವೆಂದು ಅವರು ನಂಬಿದ್ದರು. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ತಲೆತಗ್ಗಿಸಿ ಕೂರುವ ಹಳ್ಳಿಯ ಹುಡುಗನಿಗೆ ಈ ಅಭಯ ಅತ್ಯಗತ್ಯ. ತನ್ನ ಕನ್ನಡ ನಗರದ ಕನ್ನಡದಂತಿಲ್ಲ, ತನ್ನ ಇಂಗ್ಲಿಷು ತಪ್ಪಾದೀತು ಎಂಬ ಹೆದರಿಕೆಯಿಂದ ಕೇಳದೆ ಉಳಿದ ಪ್ರಶ್ನೆಗಳ ಭಾರ ಎಂತಹದೆಂಬುದನ್ನು ಹೊಸೂರಿನಿಂದ ನಡೆದು ಬಂದ ಅವರು ಬಲ್ಲವರಾಗಿದ್ದರು.

೧೯೭೨ರಿಂದ ೧೯೭೭ರವರೆಗೆ ಅವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ವಿಶ್ವವಿದ್ಯಾನಿಲಯವು ಜ್ಞಾನಭಾರತಿಯ ವಿಶಾಲ ಆವರಣದಲ್ಲಿ ನೆಲೆಯೂರಿದ್ದು ಆ ಕಾಲದಲ್ಲಿಯೇ. ಸಂಗೀತ, ನೃತ್ಯ, ನಾಟಕಗಳಿಗೂ ಅಲ್ಲಿ ವಿದ್ಯೆಯ ಗೌರವ ದೊರಕಿತು. ೧೯೭೬ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರಿಶೀಲಿಸಲು ಅವರು ಸಮಿತಿಯೊಂದನ್ನು ರಚಿಸಿದಾಗ ನಾಡಿನಲ್ಲಿ ದೊಡ್ಡ ಚರ್ಚೆ ಎದ್ದಿತು. ಮೆಚ್ಚಿದವರಂತೆ ನೊಂದವರೂ ಇದ್ದರು. ಅವರ ಎಲ್ಲ ಅಭಿಪ್ರಾಯಗಳನ್ನು ಎಲ್ಲರೂ ಒಪ್ಪಲಿಲ್ಲ. ಒಪ್ಪಬೇಕೆಂದು ಅವರೂ ಬಯಸಲಿಲ್ಲ. ವಿಚಾರಿಸದೆ ಒಪ್ಪಬಾರದೆಂಬುದೇ ಅವರ ತತ್ತ್ವವಾಗಿರುವಾಗ, ತಮ್ಮ ಮಾತಿಗೆ ಮಾತ್ರ ವಿನಾಯಿತಿ ಕೇಳುವ ಸ್ವಭಾವ ಅವರದಾಗಿರಲಿಲ್ಲ. ಟೀಕಿಸಿದವರೂ ಅವರ ಪ್ರಾಮಾಣಿಕತೆಯನ್ನು ಶಂಕಿಸಲಿಲ್ಲವೆಂಬುದು ಗಮನಾರ್ಹ.

ಆ ಪ್ರಾಮಾಣಿಕತೆಗೆ ಆಧಾರ ಅವರ ಬದುಕಿನ ಸರಳತೆ. ಆಜನ್ಮ ಬ್ರಹ್ಮಚಾರಿಗಳಾಗಿದ್ದ ಅವರು ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ ದಶಕಗಳ ಕಾಲ ವಾಸಿಸಿದರು. ಕುಲಪತಿಯಾದಾಗಲೂ ಆ ಕೋಣೆಯನ್ನು ಬಿಡಲಿಲ್ಲ. ಸ್ವಂತಕ್ಕೆ ಮನೆಮಠ ಮಾಡಿಕೊಳ್ಳದೆ, ವಿದ್ಯಾರ್ಥಿಗಳನ್ನೇ ತಮ್ಮ ಸಂಸಾರವೆಂದು ಬಗೆದರು. ನ್ಯಾಷನಲ್ ಎಜುಕೇಷನ್ ಸೊಸೈಟಿಯ ಅಧ್ಯಕ್ಷರಾಗಿ ದುಡಿದು, ನಗರದಲ್ಲಿ ದೊರೆಯುವ ವಿದ್ಯೆ ಗಡಿಯ ಊರುಗಳಿಗೂ ದೊರೆಯಲೆಂದು ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ಕಾಲೇಜುಗಳನ್ನು ಬೆಳೆಸಿದರು. ತಾವು ನಡೆದ ಎರಡು ದಿನದ ದಾರಿಯನ್ನು ಮತ್ತೊಬ್ಬ ಬಾಲಕ ನಡೆಯಬೇಕಾದ ಅಗತ್ಯವೇ ಬಾರದಂತೆ ಮಾಡುವುದು ಅವರ ಸಂಕಲ್ಪವಾಗಿತ್ತು. ೧೯೮೪ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. ತಮ್ಮ ಬಾಳಿನ ಕಥೆಯನ್ನು ಅವರು ಹೋರಾಟದ ಹಾದಿ ಎಂಬ ಹೆಸರಿನಲ್ಲಿ ಬರೆದಿಟ್ಟಿದ್ದಾರೆ. ೨೦೦೫ರ ಜನವರಿ ೩೧ರಂದು ಅವರು ಕಾಲವಶರಾದರು. ಅವರು ಹಚ್ಚಿದ ಸೈನ್ಸ್ ಫೋರಂ ಎಂಬ ದೀಪ ಅವರ ಅನಂತರವೂ ಆರದೆ ಉರಿಯಿತು.

ಇಂತಹ ಜೀವನದಿಂದ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಶಾಲೆಗಳು ಪಡೆಯಬಹುದಾದ ಪಾಠ ದೊಡ್ಡದು. ದೇವನಹಳ್ಳಿಯ ಬಳಿ ೨೦೦೮ರಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ತೆರೆಯಿತು. ಸುತ್ತಣ ಹಳ್ಳಿಗಳ ಮಕ್ಕಳು ದಿನವೂ ತಲೆಯ ಮೇಲೆ ಹಾರುವ ವಿಮಾನಗಳನ್ನು ನೋಡುತ್ತಾರೆ. ಅವನ್ನು ಹಾರಿಸುವವರು, ದುರಸ್ತಿ ಮಾಡುವವರು, ಅವುಗಳಿಗೆ ಆಕಾಶದಲ್ಲಿ ದಾರಿ ತೋರುವವರು ಏನು ಓದಿದವರೆಂಬುದನ್ನು ಹೇಳುವವರು ಬೇಕು. ಲಡಾಖಿನ ಹಾನ್ಲೆಯ ಎತ್ತರದಲ್ಲಿರುವ ದೂರದರ್ಶಕವನ್ನು ಭಾರತೀಯ ಖಭೌತ ಸಂಸ್ಥೆಯವರು ನಿಯಂತ್ರಿಸುವ ಕೇಂದ್ರ ಹೊಸಕೋಟೆಯ ಬಳಿಯಲ್ಲಿಯೇ ಇದೆ. ನರಸಿಂಹಯ್ಯನವರ ಸ್ವಂತ ತಾಲ್ಲೂಕಾದ ಗೌರಿಬಿದನೂರಿನಲ್ಲಿ ೧೯೭೬ರಿಂದ ರೇಡಿಯೋ ದೂರದರ್ಶಕ ಕೆಲಸ ಮಾಡಿದೆ. ದೊಡ್ಡಬಳ್ಳಾಪುರದ ಮಗ್ಗಗಳಲ್ಲಿ, ನೆಲಮಂಗಲದ ಕಾರ್ಖಾನೆಗಳಲ್ಲಿ ಅನುಭವದಿಂದ ಪಳಗಿದ ಕೈಗಳಿವೆ. ವೈದ್ಯರು, ಕೃಷಿತಜ್ಞರು, ದಾದಿಯರು, ಇಂಜಿನಿಯರುಗಳು, ನ್ಯಾಯವಾದಿಗಳು ಪ್ರತಿ ತಾಲ್ಲೂಕಿನಲ್ಲಿಯೂ ಇದ್ದಾರೆ. ಅವರಲ್ಲಿ ಅನೇಕರು ಇಂತಹ ಶಾಲೆಗಳಲ್ಲಿಯೇ ಅಕ್ಷರ ಕಲಿತವರು. ಸಾಧಕರಿಗೆ ಕೊರತೆಯಿಲ್ಲ. ಅವರನ್ನು ಕರೆದು, ಮಕ್ಕಳ ನಡುವೆ ಕೂರಿಸಿ, ತಮ್ಮ ಗೆಲವಿನೊಂದಿಗೆ ಸೋಲನ್ನೂ ಹೇಳಿಸಿ, ಮಕ್ಕಳಿಂದ ಪ್ರಶ್ನೆ ಕೇಳಿಸುವ ಒಂದು ಸಂಜೆ ಬೇಕು. ಮತ್ತೆ ಮುಂದಿನ ವಾರವೂ ಅಂತಹದೇ ಒಂದು ಸಂಜೆ ಬೇಕು. ಇದಕ್ಕೆ ಹಣ ಬೇಡ, ಹಾರ ತುರಾಯಿ ಬೇಡ. ಒಂದು ಕೋಣೆ, ಒಂದು ಕರಿಹಲಗೆ, ತಪ್ಪದೆ ನಡೆಸುವ ಛಲವಿರುವ ಒಬ್ಬ ಉಪಾಧ್ಯಾಯ ಇದ್ದರೆ ಸಾಕು.

ಉಪಾಧ್ಯಾಯರೊಬ್ಬರ ಒಂದು ಮಾತಿನಿಂದ ಹೊಸೂರಿನ ಬಾಲಕ ವಿಶ್ವವಿದ್ಯಾನಿಲಯದ ಕುಲಪತಿಯಾದನು. ಆ ಋಣವನ್ನು ಅವರು ಸಾವಿರಾರು ವಿದ್ಯಾರ್ಥಿಗಳ ಮುಂದೆ ನೂರಾರು ಸಾಧಕರನ್ನು ನಿಲ್ಲಿಸಿ ತೀರಿಸಿದರು. ಇಂದು ಯಾವುದೋ ತರಗತಿಯ ಹಿಂದಿನ ಬೆಂಚಿನಲ್ಲಿ, ಮುಂದೇನೆಂದು ತಿಳಿಯದೆ ಕುಳಿತಿರುವ ಮಗುವೊಂದು ಅಂತಹ ಮಾತಿಗಾಗಿಯೇ ಕಾದಿದೆ. ಆ ಮಾತು ಸಕಾಲದಲ್ಲಿ ಅದರ ಕಿವಿಗೆ ಬೀಳುವಂತೆ ಮಾಡುವುದೇ ಆ ಮಹನೀಯರಿಗೆ ಸಲ್ಲಿಸಬಹುದಾದ ನಿಜವಾದ ಗುರುಕಾಣಿಕೆ.