ಜೀನಿಗೂ ಹೊತ್ತುಗೊತ್ತಿದೆ

ನಮ್ಮ ಆಂಡರ್ಸನ್‌ಪೇಟೆಯಲ್ಲಿ ಒಬ್ಬರನ್ನು ಅಳೆಯಬೇಕಾದರೆ ಮೊದಲು ಮನೆತನ ಕೇಳುತ್ತಾರೆ. ತಾತ ಗಣಿಯಲ್ಲಿ ಯಾವ ಕೆಲಸದಲ್ಲಿದ್ದರು, ಅಪ್ಪ ಎಷ್ಟು ಓದಿದ್ದಾರೆ ಎಂದು ಗೊತ್ತಾದರೆ ಮಕ್ಕಳ ಭವಿಷ್ಯವೂ ಗೊತ್ತಾದಂತೆ ಎಂಬ ಲೆಕ್ಕ. ನನ್ನ ಚಿಕ್ಕಪ್ಪನ ಮಗ ದ್ವಿತೀಯ ಪಿಯುಸಿಯಲ್ಲಿ ಫೇಲಾದಾಗ ನೆಂಟರೆಲ್ಲ ಹೇಳಿದ್ದು ಒಂದೇ ಮಾತು, ಓದು ಆ ಮನೆಯವರ ರಕ್ತದಲ್ಲೇ ಇಲ್ಲ ಅಂತ. ಅವನು ಈಗ ನಸುಕಿನಲ್ಲೇ ಮಾರಿಕುಪ್ಪಂನಿಂದ ಹೊರಡುವ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾನೆ. 2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಬೆಳೆದ ನಮ್ಮ ತಲೆಮಾರಿನ ಅನೇಕರಿಗೆ ಇಂಥ ತೀರ್ಪುಗಳು ಹೊಸದಲ್ಲ.

ನಾನು ಬಿ.ಎಸ್ಸಿ. ವಿದ್ಯಾರ್ಥಿನಿ. ಹಾಗಾಗಿ ಆ ಮಾತು ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ರಕ್ತದಲ್ಲಿ ಇರುವುದು ಎಂದರೆ ಏನು? ಇರುವುದೆಲ್ಲವೂ ಕೆಲಸ ಮಾಡುತ್ತದೆಯೇ? ಈ ಪ್ರಶ್ನೆಯ ಹಿಂದೆ ಇಪ್ಪತ್ತು ವರ್ಷ ಬಿದ್ದಿದ್ದ ಒಬ್ಬ ವಿಜ್ಞಾನಿಯ ಹೆಸರು ನಮ್ಮ ಪಠ್ಯದಲ್ಲಿ ಒಂದು ಚಿತ್ರದ ಕೆಳಗೆ ಬರುತ್ತದೆ. ಪರೀಕ್ಷೆಗೆ ಆ ಚಿತ್ರ ಬರೆದು ಭಾಗಗಳನ್ನು ಗುರುತಿಸಿದರೆ ಸಾಕು. ಆದರೆ ಆ ಹೆಸರಿನ ಹಿಂದಿನ ಬದುಕನ್ನು ಓದಿದಾಗ ನನಗೆ ಚಿತ್ರಕ್ಕಿಂತ ಮನುಷ್ಯನೇ ಹೆಚ್ಚು ಹಿಡಿಸಿದರು. ಅವರು ಫ್ರಾನ್ಸಿನ ಜಾಕ್ ಮೊನೊ.

ಮೊನೊ ಹುಟ್ಟಿದ್ದು 1910ರ ಫೆಬ್ರುವರಿ 9ರಂದು, ಪ್ಯಾರಿಸ್‌ನಲ್ಲಿ. ತಂದೆ ಚಿತ್ರಕಲಾವಿದ, ತಾಯಿ ಅಮೆರಿಕದವರು. ಬೆಳೆದದ್ದು ಸಮುದ್ರ ತೀರದ ಕಾನ್ ಪಟ್ಟಣದಲ್ಲಿ. ಚಿಕ್ಕಂದಿನಲ್ಲಿ ಪೋಲಿಯೊ ತಗುಲಿ ಒಂದು ಕಾಲು ಸೊರಗಿತು. ಆದರೂ ಅವರು ಬಂಡೆ ಹತ್ತುವುದನ್ನಾಗಲಿ, ಹಾಯಿದೋಣಿ ನಡೆಸುವುದನ್ನಾಗಲಿ ಬಿಡಲಿಲ್ಲ. ಸೆಲ್ಲೊ ಎಂಬ ದೊಡ್ಡ ತಂತಿವಾದ್ಯ ನುಡಿಸುತ್ತಿದ್ದರು. ಗಾಯನ ತಂಡ ಕಟ್ಟಿ ನಿರ್ದೇಶಿಸುತ್ತಿದ್ದರು. ವಿಜ್ಞಾನಿಯಾಗುವುದೋ ಸಂಗೀತಗಾರನಾಗುವುದೋ ಎಂಬ ಗೊಂದಲ ಅವರಿಗೆ ಬಹಳ ಕಾಲ ಇತ್ತು.

1934ರಲ್ಲಿ ಅವರು ಒಂದು ಸಂಶೋಧನಾ ಹಡಗಿನಲ್ಲಿ ಗ್ರೀನ್‌ಲ್ಯಾಂಡಿಗೆ ಹೋಗಿ ಬಂದಿದ್ದರು. 1936ರಲ್ಲೂ ಅದೇ ಹಡಗಿನಲ್ಲಿ ಹೋಗಬೇಕಿತ್ತು. ಅಷ್ಟರಲ್ಲಿ ತಳಿವಿಜ್ಞಾನ ಕಲಿಯಲು ಅಮೆರಿಕಕ್ಕೆ ಹೋಗುವ ಅವಕಾಶ ಸಿಕ್ಕಿತು. ಅವರಿಲ್ಲದೆ ಹೊರಟ ಹಡಗು ಐಸ್‌ಲ್ಯಾಂಡ್ ಬಳಿ ಬಿರುಗಾಳಿಗೆ ಸಿಕ್ಕಿ ಮುಳುಗಿತು. ಬದುಕಿ ಉಳಿದದ್ದು ಒಬ್ಬರೇ ಒಬ್ಬರು.

ಊರಿಗೆ ಮರಳಿದ ಮೊನೊ ಸೊರ್ಬಾನ್ ವಿಶ್ವವಿದ್ಯಾಲಯದಲ್ಲಿ ಬ್ಯಾಕ್ಟೀರಿಯಾಗಳ ಬೆಳವಣಿಗೆ ಅಳೆಯುವ ಕೆಲಸ ಹಿಡಿದರು. ನಮ್ಮ ಕರುಳಿನಲ್ಲೇ ಇರುವ ಇ. ಕೋಲಿಯಂಥ ಬ್ಯಾಕ್ಟೀರಿಯಾಕ್ಕೆ ಒಳ್ಳೆಯ ಆಹಾರ ಸಿಕ್ಕರೆ ಸುಮಾರು 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ಮೊನೊ ಅವಕ್ಕೆ ಎರಡು ಬಗೆಯ ಸಕ್ಕರೆಯನ್ನು ಒಟ್ಟಿಗೆ ಕೊಟ್ಟು ನೋಡಿದರು. ಉದಾಹರಣೆಗೆ, ಗ್ಲೂಕೋಸ್ ಮತ್ತು ಹಾಲಿನಲ್ಲಿರುವ ಲ್ಯಾಕ್ಟೋಸ್. ಬ್ಯಾಕ್ಟೀರಿಯಾಗಳು ಮೊದಲು ಗ್ಲೂಕೋಸನ್ನಷ್ಟೇ ತಿಂದು ವೇಗವಾಗಿ ಬೆಳೆದವು. ಅದು ಮುಗಿದೊಡನೆ ಬೆಳವಣಿಗೆ ನಿಂತೇಹೋಯಿತು. ಸ್ವಲ್ಪ ಹೊತ್ತಾದ ಮೇಲೆ ಲ್ಯಾಕ್ಟೋಸ್ ತಿನ್ನುತ್ತಾ ಮತ್ತೆ ಬೆಳೆಯತೊಡಗಿದವು.

ನನಗೆ ಇದು ಮನೆಯ ಅಡುಗೆಯಂತೆ ಕಾಣುತ್ತದೆ. ಸಿಲಿಂಡರಿನಲ್ಲಿ ಗ್ಯಾಸ್ ಇರುವಷ್ಟು ದಿನ ಸೌದೆ ಒಲೆಯ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಗ್ಯಾಸ್ ಮುಗಿದ ದಿನ ಸೌದೆ ಸೀಳಿ, ಒಲೆ ಹೊತ್ತಿಸುವವರೆಗೆ ಅಡುಗೆ ನಿಲ್ಲುತ್ತದೆ. ಬ್ಯಾಕ್ಟೀರಿಯಾದ ಆ ಮಧ್ಯದ ವಿರಾಮ ಒಲೆ ಹೊತ್ತಿಸುವ ಹೊತ್ತು. ಲ್ಯಾಕ್ಟೋಸನ್ನು ಒಡೆಯುವ ಕಿಣ್ವವನ್ನು ಅದು ಆಗ ತಯಾರಿಸಿಕೊಳ್ಳುತ್ತಿರುತ್ತದೆ. ಹಾಗಾದರೆ ಬೇಕಾದಾಗ ಮಾತ್ರ ತಯಾರಿಸು, ಬೇಡವಾದಾಗ ನಿಲ್ಲಿಸು ಎಂದು ಅದಕ್ಕೆ ಹೇಳುವವರು ಯಾರು? ಮೊನೊ ತಮ್ಮ ಪಿಎಚ್.ಡಿ. ಪ್ರಬಂಧವನ್ನು 1941ರಲ್ಲಿ ಮಂಡಿಸಿದರು. ಇಂಥ ಕೆಲಸದಲ್ಲಿ ವಿಶ್ವವಿದ್ಯಾಲಯಕ್ಕೆ ಆಸಕ್ತಿ ಇಲ್ಲ ಎಂಬ ಮಾತು ಆಗ ಹಿರಿಯರೊಬ್ಬರಿಂದ ಬಂತಂತೆ.

ಅದು ಎರಡನೇ ಮಹಾಯುದ್ಧದ ಕಾಲ. ಪ್ಯಾರಿಸ್ ಜರ್ಮನ್ ಸೇನೆಯ ಕೈಯಲ್ಲಿತ್ತು. ಮೊನೊ ಅವರ ಪತ್ನಿ ಒಡೆಟ್ ಏಷ್ಯಾದ ಕಲೆಯನ್ನು ಅಧ್ಯಯನ ಮಾಡಿದವರು, ಯೆಹೂದಿ ಕುಟುಂಬದಿಂದ ಬಂದವರು. ಇಬ್ಬರು ಅವಳಿ ಗಂಡುಮಕ್ಕಳು ಇನ್ನೂ ಎಳೆಯವರು. ಹಿಡಿದರೆ ಸಾವೇ ಗತಿ ಎಂದು ಗೊತ್ತಿದ್ದೂ ಮೊನೊ ಭೂಗತ ಪ್ರತಿರೋಧ ಚಳವಳಿ ಸೇರಿದರು. ಪ್ರಯೋಗಾಲಯದ ಹೊರಗೆ ನಿಲ್ಲಿಸಿದ್ದ ಜಿರಾಫೆಯ ಟೊಳ್ಳು ಕಾಲುಮೂಳೆಯಲ್ಲಿ ರಹಸ್ಯ ಕಾಗದಗಳನ್ನು ಬಚ್ಚಿಡುತ್ತಿದ್ದರು ಎಂದು ಅವರ ಬಗ್ಗೆ ಬರೆದವರು ಹೇಳುತ್ತಾರೆ. ಹುಡುಕಾಟ ಹೆಚ್ಚಾದಾಗ ಸೊರ್ಬಾನ್ ಬಿಟ್ಟು, ಪಾಶ್ಚರ್ ಸಂಸ್ಥೆಯಲ್ಲಿ ಹಿರಿಯ ಮಿತ್ರ ಆಂಡ್ರೆ ಲ್ವಾಫ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮುಂದುವರಿಸಿದರು. 1944ರಲ್ಲಿ ಪ್ಯಾರಿಸ್ ಬಿಡುಗಡೆಯಾದಾಗ ಆ ಹೋರಾಟಗಾರರ ಸೇನೆಯಲ್ಲಿ ಅವರು ದೊಡ್ಡ ಜವಾಬ್ದಾರಿ ಹೊತ್ತಿದ್ದರು.

ಯುದ್ಧ ಮುಗಿದ ಮೇಲೆ ಇನ್ನೊಂದು ಬಗೆಯ ಹೋರಾಟ ಶುರುವಾಯಿತು. ಸೋವಿಯತ್ ಒಕ್ಕೂಟದಲ್ಲಿ ಲೈಸೆಂಕೊ ಎಂಬ ಕೃಷಿ ತಜ್ಞ, ಜೀನ್ ಎಂಬುದೇ ಸುಳ್ಳು, ಪರಿಸರ ಬದಲಿಸಿದರೆ ಬೆಳೆಯ ವಂಶಗುಣವೇ ಬದಲಾಗುತ್ತದೆ ಎಂದು ಸಾರುತ್ತಿದ್ದರು. 1948ರಲ್ಲಿ ಸರ್ಕಾರವೂ ಅದನ್ನೇ ಅಧಿಕೃತ ವಿಜ್ಞಾನವೆಂದು ಒಪ್ಪಿಕೊಂಡಿತು. ಅದಕ್ಕೂ ಮೊದಲೇ ಲೈಸೆಂಕೊ ವಾದವನ್ನು ವಿರೋಧಿಸಿದ್ದ ಮಹಾನ್ ಸಸ್ಯವಿಜ್ಞಾನಿ ವಾವಿಲೊವ್ 1943ರಲ್ಲಿ ಸೆರೆಮನೆಯಲ್ಲೇ ಸತ್ತಿದ್ದರು. ಮೊನೊ ಯುದ್ಧಕಾಲದಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿದ್ದವರು. ಆದರೂ ಹಳೆಯ ಸಂಗಾತಿಗಳ ಸಿಟ್ಟಿಗೆ ಹೆದರದೆ ಪತ್ರಿಕೆಯಲ್ಲಿ ಲೈಸೆಂಕೊ ವಿರುದ್ಧ ಬರೆದರು.

ಇಲ್ಲೊಂದು ಸ್ವಾರಸ್ಯವಿದೆ. ಮೊನೊ ನೋಡುತ್ತಿದ್ದ ಬ್ಯಾಕ್ಟೀರಿಯಾ ಮೇಲ್ನೋಟಕ್ಕೆ ಲೈಸೆಂಕೊ ಮಾತಿಗೇ ಸಾಕ್ಷಿಯಂತಿತ್ತು. ಲ್ಯಾಕ್ಟೋಸ್ ಹಾಕಿದರೆ ಕಿಣ್ವ ಬರುತ್ತದೆ, ತೆಗೆದರೆ ನಿಲ್ಲುತ್ತದೆ. ಅಂದರೆ ಪರಿಸರವೇ ಗುಣವನ್ನು ಸೃಷ್ಟಿಸುತ್ತಿದೆಯೇ? ಹಾಗಲ್ಲ ಎಂದು ಪ್ರಯೋಗಗಳು ತೋರಿಸಿದವು. ಕಿಣ್ವ ತಯಾರಿಸುವ ಜೀನ್ ಇಲ್ಲದ ಬ್ಯಾಕ್ಟೀರಿಯಾಕ್ಕೆ ಎಷ್ಟೇ ಲ್ಯಾಕ್ಟೋಸ್ ಸುರಿದರೂ ಕಿಣ್ವ ಬರುವುದಿಲ್ಲ. ಜೀನ್ ಇದ್ದೂ ಲ್ಯಾಕ್ಟೋಸ್ ಸಿಗದಿದ್ದರೆ ಕಿಣ್ವ ಇಲ್ಲವೇನೋ ಎಂಬಷ್ಟು ಕಡಿಮೆ. ಸಿಕ್ಕರೆ ಸುಮಾರು ಸಾವಿರ ಪಟ್ಟು ಹೆಚ್ಚುತ್ತದೆ. ಸಕ್ಕರೆ ಜೀನನ್ನು ಸೃಷ್ಟಿಸುವುದಿಲ್ಲ, ಇರುವ ಜೀನನ್ನು ಕೆಲಸಕ್ಕೆ ಕರೆಯುತ್ತದೆ. ಎಲ್ಲವೂ ರಕ್ತದಲ್ಲೇ ಇದೆ ಎನ್ನುವವರಿಗೂ, ರಕ್ತದಲ್ಲಿ ಏನೂ ಇಲ್ಲ ಎನ್ನುವವರಿಗೂ ಒಟ್ಟಿಗೇ ಸಿಕ್ಕ ಉತ್ತರ ಇದು.

ಈ ಕರೆ ಹೇಗೆ ತಲುಪುತ್ತದೆ ಎಂಬುದು ಬಿಡಿಸಿದ್ದು 1950ರ ದಶಕದ ಕೊನೆಯಲ್ಲಿ. ಪಾಶ್ಚರ್ ಸಂಸ್ಥೆಯ ಅಟ್ಟದಂಥ ಮೇಲ್ಮಹಡಿಯಲ್ಲಿ ಮೊನೊ ಜತೆ ಫ್ರಾನ್ಸ್ವಾ ಜಾಕೊಬ್ ಇದ್ದರು. ಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡು, ಶಸ್ತ್ರವೈದ್ಯನಾಗುವ ಕನಸು ಬಿಟ್ಟು ವಿಜ್ಞಾನಕ್ಕೆ ಬಂದವರು ಅವರು. ಅಮೆರಿಕದಿಂದ ಆರ್ಥರ್ ಪಾರ್ಡಿ ಬಂದು ಸೇರಿಕೊಂಡರು. ಲ್ಯಾಕ್ಟೋಸ್ ಇಲ್ಲದಿದ್ದರೂ ಸದಾ ಕಿಣ್ವ ತಯಾರಿಸುವ, ಹತೋಟಿ ತಪ್ಪಿದ ಬ್ಯಾಕ್ಟೀರಿಯಾಗಳು ಅವರ ಬಳಿ ಇದ್ದವು. ಇಂಥ ತಪ್ಪಿದ ಹತೋಟಿಯ ಕೋಶವೊಂದಕ್ಕೆ ಸರಿಯಾದ ಬ್ಯಾಕ್ಟೀರಿಯಾದ ಜೀನ್‌ಗಳನ್ನು ದಾಟಿಸಿ ಏನಾಗುತ್ತದೆಂದು ನೋಡಿದರು. ಕೆಲವೇ ನಿಮಿಷಗಳಲ್ಲಿ ಕಿಣ್ವ ಬರತೊಡಗಿತು. ಆದರೆ ಒಂದೆರಡು ಗಂಟೆಯೊಳಗೆ ತಾನಾಗಿ ನಿಂತಿತು. ಲ್ಯಾಕ್ಟೋಸಿನಂಥ ವಸ್ತು ಕೊಟ್ಟಾಗ ಮತ್ತೆ ಬಂತು.

ಇದರ ಅರ್ಥವೇನೆಂದರೆ, ಸಾಮಾನ್ಯ ಬ್ಯಾಕ್ಟೀರಿಯಾದಲ್ಲಿ ಕಾವಲುಗಾರನಂಥ ಒಂದು ಜೀನ್ ಇದೆ. ಅದು ತಯಾರಿಸುವ ತಡೆ ಪ್ರೋಟೀನ್ ಡಿಎನ್ಎ ಮೇಲೆ, ಕಿಣ್ವದ ಜೀನಿನ ಬಾಗಿಲಲ್ಲೇ ಕುಳಿತಿರುತ್ತದೆ. ಲ್ಯಾಕ್ಟೋಸ್ ಒಳಗೆ ಬಂದಾಗ ಅದರಿಂದಾದ ಒಂದು ಸಣ್ಣ ಅಣು ಈ ಪ್ರೋಟೀನಿಗೆ ಅಂಟಿಕೊಂಡು ಅದರ ಆಕಾರವನ್ನೇ ಬದಲಿಸುತ್ತದೆ. ತಡೆ ಕಳಚಿ ಬೀಳುತ್ತದೆ, ಬಾಗಿಲು ತೆರೆಯುತ್ತದೆ. ಲ್ಯಾಕ್ಟೋಸ್ ನೇರವಾಗಿ ಕೆಲಸಕ್ಕೆ ಪ್ರಚೋದಿಸುತ್ತದೆ ಎಂದು ಮೊನೊ ವರ್ಷಗಟ್ಟಲೆ ನಂಬಿದ್ದರು. ವಾಸ್ತವದಲ್ಲಿ ಅದು ತಡೆಯನ್ನು ತೆಗೆಯುತ್ತಿತ್ತು ಅಷ್ಟೆ. ಸ್ವಂತ ಪ್ರಯೋಗವೇ ತಮ್ಮ ಸಿದ್ಧಾಂತವನ್ನು ಮುರಿದಾಗ ಅವರು ಸಿದ್ಧಾಂತವನ್ನು ಬಿಟ್ಟರು, ಪ್ರಯೋಗವನ್ನು ಬಿಡಲಿಲ್ಲ. ಒಂದೇ ಬಾಗಿಲ ಹಿಂದೆ ಸಾಲಾಗಿ ನಿಂತ ಜೀನ್‌ಗಳ ಈ ಗುಂಪಿಗೆ ಓಪೆರಾನ್ ಎಂದು ಹೆಸರಿಟ್ಟರು. 1961ರಲ್ಲಿ ಜಾಕೊಬ್ ಮತ್ತು ಮೊನೊ ಪ್ರಕಟಿಸಿದ ದೀರ್ಘ ಪ್ರಬಂಧ ಜೀವವಿಜ್ಞಾನದ ದಿಕ್ಕನ್ನೇ ಬದಲಿಸಿತು. 1965ರಲ್ಲಿ ಲ್ವಾಫ್, ಜಾಕೊಬ್, ಮೊನೊ ಮೂವರಿಗೂ ನೊಬೆಲ್ ಬಂತು. ಅವರು ಊಹಿಸಿದ್ದ ತಡೆ ಪ್ರೋಟೀನನ್ನು ಮರುವರ್ಷ ಅಮೆರಿಕದಲ್ಲಿ ಗಿಲ್ಬರ್ಟ್ ಮತ್ತು ಮ್ಯುಲರ್-ಹಿಲ್ ಬೇರ್ಪಡಿಸಿ ತೋರಿಸಿದರು.

ಬ್ಯಾಕ್ಟೀರಿಯಾಕ್ಕೆ ನಿಜವಾದದ್ದು ಆನೆಗೂ ನಿಜವಾಗಿರಬೇಕು ಎಂಬುದು ಮೊನೊ ನಂಬಿಕೆ. ಅದು ಅರ್ಧ ನಿಜವಾಯಿತು. ಮನುಷ್ಯನ ಕಣ್ಣು, ಯಕೃತ್ತು, ಚರ್ಮ ಎಲ್ಲದರ ಕೋಶಗಳಲ್ಲೂ ಹೆಚ್ಚುಕಡಿಮೆ ಒಂದೇ ಡಿಎನ್ಎ ಇದೆ. ಅದೇ ಸುಮಾರು 20,000 ಪ್ರೋಟೀನ್ ಜೀನ್‌ಗಳು. ಯಾವ ಕೋಶದಲ್ಲಿ ಯಾವ ಜೀನ್ ಎಚ್ಚರವಾಗಿದೆ, ಯಾವುದು ಮಲಗಿದೆ ಎಂಬುದರಿಂದಲೇ ಕಣ್ಣು ಕಣ್ಣಾಗುತ್ತದೆ, ಚರ್ಮ ಚರ್ಮವಾಗುತ್ತದೆ. ಇದು ಮೊನೊ ಹೇಳಿದ್ದೇ. ಆದರೆ ವಿಧಾನ ಇನ್ನೂ ಜಟಿಲ. ನಮ್ಮ ಒಂದು ಕೋಶದ ಡಿಎನ್ಎಯನ್ನು ಬಿಚ್ಚಿ ಎಳೆದರೆ ಸುಮಾರು 2 ಮೀಟರ್ ಉದ್ದ. ಅದು ಹಿಸ್ಟೋನ್ ಎಂಬ ಪ್ರೋಟೀನ್‌ಗಳ ಮೇಲೆ, ರೇಷ್ಮೆ ನೂಲು ರಾಟೆಗೆ ಸುತ್ತಿದಂತೆ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಬ್ಯಾಕ್ಟೀರಿಯಾದಲ್ಲಿ ಹಾಲಿನ ಸಕ್ಕರೆಯ ಜೀನಿಗೆ ಬೀಗ ಹಾಕುವ ಕಾವಲುಗಾರ ಬೇಕು. ನಮ್ಮಲ್ಲಿ ಅನೇಕ ಜೀನ್‌ಗಳು ಮೊದಲೇ ಸುತ್ತಿ ಮುಚ್ಚಿರುವುದರಿಂದ ಅವನ್ನು ಬಿಡಿಸಿ ಎಬ್ಬಿಸಲು ಹಲವು ಪ್ರೋಟೀನ್‌ಗಳು ಕೂಡಿ ಬರಬೇಕು. ಎಬ್ಬಿಸುವ ಗುಂಡಿ ಜೀನಿನ ಪಕ್ಕದಲ್ಲೇ ಇರಬೇಕೆಂದೂ ಇಲ್ಲ, ಸಾವಿರಾರು ಅಕ್ಷರಗಳಷ್ಟು ದೂರವೂ ಇರಬಹುದು.

ಇದಕ್ಕೆ ನಮ್ಮ ಕೋಲಾರ ಜಿಲ್ಲೆಗೆ ತೀರಾ ಹತ್ತಿರದ ಉದಾಹರಣೆ ಇದೆ. ಹಾಲು, ರೇಷ್ಮೆ, ಚಿನ್ನ ಎಂದು ಹೆಸರಾದ ಸೀಮೆ ಇದು. ಆದರೂ ನಮ್ಮ ಅಜ್ಜಿಯಂತೆ ಒಂದು ಲೋಟ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ಮಜ್ಜಿಗೆ ಕೊಟ್ಟರೆ ತೊಂದರೆ ಇಲ್ಲ. ಹಾಲಿನ ಸಕ್ಕರೆ ಅದೇ ಲ್ಯಾಕ್ಟೋಸ್. ಅದನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವದ ಜೀನ್ ಅಜ್ಜಿಯ ಪ್ರತಿ ಕೋಶದಲ್ಲೂ ಇದೆ. ಮಗುವಾಗಿದ್ದಾಗ ಕರುಳಿನಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡಿದೆ. ತಾಯಿಹಾಲು ಬಿಟ್ಟ ಮೇಲೆ ಅನೇಕರಲ್ಲಿ ಅದು ಮೆಲ್ಲಗೆ ಮಲಗುತ್ತದೆ. ಕೆಲವರಲ್ಲಿ ಮಾತ್ರ ದೊಡ್ಡವರಾದ ಮೇಲೂ ಎಚ್ಚರವಾಗಿರುತ್ತದೆ. ಏಕೆಂದು 2002ರಲ್ಲಿ ಫಿನ್‌ಲ್ಯಾಂಡಿನ ವಿಜ್ಞಾನಿಗಳು ಕಂಡುಹಿಡಿದರು. ಆ ಜೀನಿನಿಂದ ಸುಮಾರು 14,000 ಅಕ್ಷರ ದೂರದಲ್ಲಿ, ಪಕ್ಕದ ಇನ್ನೊಂದು ಜೀನಿನ ಒಳಗೆ, ಒಂದೇ ಒಂದು ಅಕ್ಷರ ಬೇರೆ. ಭಾರತದಲ್ಲಿ ಈ ಬದಲಾವಣೆ ವಾಯವ್ಯ ಭಾಗದವರಲ್ಲಿ ಹೆಚ್ಚು, ದಕ್ಷಿಣದವರಲ್ಲಿ ಕಡಿಮೆ. ಮೊಸರಿನ ಬ್ಯಾಕ್ಟೀರಿಯಾಗಳು ಒಂದಷ್ಟು ಲ್ಯಾಕ್ಟೋಸನ್ನು ತಾವೇ ತಿಂದು ಹುಳಿ ಮಾಡುವುದರಿಂದ ಮಜ್ಜಿಗೆ ಅಜ್ಜಿಗೆ ಹಗುರ. ಜೀನ್ ಇರುವುದು ಬೇರೆ, ಅದು ಎಚ್ಚರವಾಗಿರುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ನನಗೆ ಗೊತ್ತಿಲ್ಲ.

ನೊಬೆಲ್ ಬಂದ ಮೇಲೂ ಮೊನೊ ಪ್ರಯೋಗಾಲಯದೊಳಗೇ ಉಳಿಯಲಿಲ್ಲ. ಅದಕ್ಕೆ ಮೊದಲೇ, 1960ರಲ್ಲಿ, ಹಂಗೇರಿಯ ವಿಜ್ಞಾನಿ ಆಗ್ನೆಸ್ ಉಲ್ಮನ್ ಮತ್ತು ಅವರ ಪತಿ ತಮ್ಮ ದೇಶದಿಂದ ಗುಟ್ಟಾಗಿ ಪಾರಾಗಿ ಬರಲು ಅವರು ನೆರವಾಗಿದ್ದರು. ಆ ಉಲ್ಮನ್ ಜತೆಗೇ 1968ರಲ್ಲಿ ತಮ್ಮ ಮೊದಲ ಒಗಟಿಗೆ ಮರಳಿದರು. ಗ್ಲೂಕೋಸ್ ಇರುವಾಗ ಲ್ಯಾಕ್ಟೋಸಿನ ಜೀನ್ ಏಕೆ ಸುಮ್ಮನಿರುತ್ತದೆ ಎಂಬುದರಲ್ಲಿ ಸೈಕ್ಲಿಕ್ ಎಎಂಪಿ ಎಂಬ ಸಣ್ಣ ಅಣುವಿನ ಪಾತ್ರವಿದೆ ಎಂದು ತೋರಿಸಿದರು. ಅದೇ ವರ್ಷ ಪ್ಯಾರಿಸ್ ಬೀದಿಗಳಲ್ಲಿ ವಿದ್ಯಾರ್ಥಿಗಳು ಪೊಲೀಸರ ಏಟು ತಿಂದಾಗ ಗಾಯಗೊಂಡವರ ನೆರವಿಗೆ ನಿಂತರು. 1970ರಲ್ಲಿ ಆಕಸ್ಮಿಕ ಮತ್ತು ಅನಿವಾರ್ಯತೆಯ ಕುರಿತ ಅವರ ಪುಸ್ತಕ ಬಂತು. 1971ರಲ್ಲಿ ಪಾಶ್ಚರ್ ಸಂಸ್ಥೆಯ ನಿರ್ದೇಶಕರಾದರು. 1976ರ ಮೇ 31ರಂದು, ತಾವು ಬೆಳೆದ ಕಾನ್ ಪಟ್ಟಣದಲ್ಲಿ ತೀರಿಕೊಂಡರು. ಆಗ ಅವರಿಗೆ 66 ವರ್ಷ.

ಬ್ಯಾಕ್ಟೀರಿಯಾದಿಂದ ನೀತಿಪಾಠ ಹೆಕ್ಕುವುದು ಮೊನೊ ಅವರಿಗೆ ಹಿಡಿಸುತ್ತಿರಲಿಲ್ಲ. ಪ್ರಕೃತಿ ಏನಿದೆ ಎಂದಷ್ಟೇ ತೋರಿಸುತ್ತದೆ, ಹೇಗೆ ಬಾಳಬೇಕೆಂದು ಹೇಳುವುದಿಲ್ಲ, ಅದನ್ನು ಆರಿಸಿಕೊಳ್ಳುವ ಹೊಣೆ ನಮ್ಮದೇ ಎಂಬುದು ಆ ಪುಸ್ತಕದ ತಿರುಳು. ಓದುವ ಶಕ್ತಿಗೆ ಲ್ಯಾಕ್ಟೋಸಿನಂಥ ಒಂದು ಜೀನ್, ಒಂದು ಬೀಗ ಇದೆ ಎಂದು ನಾನೂ ಹೇಳಲಾರೆ. ಅದು ಅಷ್ಟು ಸರಳವಲ್ಲ. ಆದರೆ ಒಂದು ಮಾತು ಖಂಡಿತ. ವಂಶದ ಹೆಸರು ಹೇಳಿ ಒಬ್ಬ ಹುಡುಗನ ಬಾಗಿಲು ಮುಚ್ಚುವವರು ವಿಜ್ಞಾನದ ಹೆಸರನ್ನು ಎತ್ತುವಂತಿಲ್ಲ. ಒಂದು ಕೋಶದ ಬ್ಯಾಕ್ಟೀರಿಯಾ ಕೂಡ ತನ್ನಲ್ಲಿರುವುದನ್ನೆಲ್ಲ ಒಂದೇ ದಿನ ತೋರಿಸಿಬಿಡುವುದಿಲ್ಲ. ಅದು ಲ್ಯಾಕ್ಟೋಸ್ ಒಡೆಯಬಲ್ಲದೋ ಇಲ್ಲವೋ ಎಂದು ತಿಳಿಯಲು ಮೊನೊ ಮೊದಲು ಅದಕ್ಕೆ ಲ್ಯಾಕ್ಟೋಸ್ ಕೊಟ್ಟರು. ಆಮೇಲೆ ಕಾದರು.