ಮನಿಲಾದ ರಾಜಾ ಸುಲೈಮಾನ್

ಭೂಪ್ರದಕ್ಷಿಣೆ ಮಾಡಿದವನು ಮೆಗಲನ್ ಎಂದು ನಾವೆಲ್ಲ ಇದೇ ಶಾಲೆಯ ಸಮಾಜ ವಿಜ್ಞಾನದ ತರಗತಿಯಲ್ಲಿ ಬಾಯಿಪಾಠ ಮಾಡಿದ್ದೇವೆ. ಆದರೆ ಅವನು ಪ್ರದಕ್ಷಿಣೆ ಮುಗಿಸಲಿಲ್ಲ. 1521ರಲ್ಲಿ ಫಿಲಿಪೀನ್ಸಿನ ಮಕ್ತಾನ್ ಎಂಬ ಪುಟ್ಟ ದ್ವೀಪದ ಜನ ಅವನನ್ನು ಕೊಂದರು. ಅರ್ಧ ಶತಮಾನದ ನಂತರ ಸ್ಪೇನಿನವರು ಆ ದ್ವೀಪಗಳನ್ನು ಹಿಡಿದುಕೊಂಡದ್ದು ನಮ್ಮ ಪಾಠದಲ್ಲಿ ಇರಲಿಲ್ಲ. ಕಂಪನಿಯ ಕೆಲಸದ ಮೇಲೆ ಕೆಲವು ತಿಂಗಳು ಮನಿಲಾದಲ್ಲಿದ್ದಾಗ, ಕಡಲ ದಂಡೆಯ ಹತ್ತಿರದ ಚೌಕವೊಂದರಲ್ಲಿ ರಾಜಾ ಸುಲೈಮಾನನ ಪ್ರತಿಮೆ ನೋಡಿದೆ. ಅಂದಿನಿಂದ ಅವನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ.

ಆಗಿನ ಅಲ್ಲಿನ ಊರಿಗೆ ಬರಂಗಾಯ್ ಎಂದು ಹೆಸರು. ಅದು ದೋಣಿಯ ಹೆಸರಿನಿಂದ ಬಂದ ಮಾತು. ಮೂವತ್ತರಿಂದ ನೂರು ಮನೆ, ಅದಕ್ಕೊಬ್ಬ ಮುಖ್ಯಸ್ಥ, ಅವನೇ ದಾತು. ಎಲ್ಲ ಊರುಗಳ ಮೇಲೆ ಒಬ್ಬ ಚಕ್ರವರ್ತಿ ಇರಲಿಲ್ಲ. ಹಾಗೆಂದು ಅದು ಕಾಡುಜನರ ನಾಡಲ್ಲ. ಲಗೂನಾ ಪ್ರಾಂತ್ಯದಲ್ಲಿ ಸಿಕ್ಕ ತಾಮ್ರಪಟವೊಂದರಲ್ಲಿ ಶಕ ವರ್ಷ 822, ವೈಶಾಖ ಮಾಸ ಎಂದಿದೆ, ಅಂದರೆ ಕ್ರಿ.ಶ. 900. ಒಂದು ಕುಟುಂಬದ ಸಾಲ ತೀರಿತು ಎಂಬ ಪತ್ರ ಅದು. ನಮ್ಮ ದೇವಸ್ಥಾನಗಳ ಶಾಸನದಲ್ಲಿರುವ ಅದೇ ಶಕವರ್ಷ ಅಷ್ಟು ದೂರದಲ್ಲಿ! ಅಲ್ಲಿನ ಭಾಷೆಯಲ್ಲಿ ಇಂದಿಗೂ ಮೇಷ್ಟ್ರಿಗೆ ಗುರೊ ಎನ್ನುತ್ತಾರೆ, ಭರವಸೆಗೆ ಆಸಾ ಎನ್ನುತ್ತಾರೆ. ನಮ್ಮ ಗುರುಗಳಿಗೆ ಇದು ಖುಷಿ ಕೊಡಬಹುದು.

ಸುಲೈಮಾನ್ ಪಾಸಿಗ್ ನದಿ ಕಡಲು ಸೇರುವಲ್ಲಿ, ದಕ್ಷಿಣ ದಂಡೆಯ ಮನಿಲಾದ ಯುವರಾಜ. ಧರ್ಮದಿಂದ ಮುಸಲ್ಮಾನ, ಬ್ರೂನೈ ಅರಸು ಮನೆತನದ ಸಂಬಂಧಿ. ನದಿಯ ಆಚೆ ದಡದ ತೊಂಡೊ ಊರಿಗೆ ಲಕಂದೂಲ ಒಡೆಯ. ಸುಲೈಮಾನನ ಜೊತೆ ಆಳುತ್ತಿದ್ದವನು ಅವನ ಹಿರಿಯ ಸಂಬಂಧಿ ರಾಜಾ ಮತಾಂದಾ. ಮತಾಂದಾ ಎಂದರೆ ಮುದುಕ ಎಂದೇ ಅರ್ಥ. ಈ ಮುದುಕ ಹುಡುಗನಾಗಿದ್ದಾಗ, 1521ರಲ್ಲಿ, ಮೆಗಲನ್ ಸತ್ತ ಮೇಲೆ ಉಳಿದಿದ್ದ ಹಡಗುಗಳವರ ಕೈಗೆ ಬೋರ್ನಿಯೊ ಹತ್ತಿರ ಸಿಕ್ಕಿ ಬಿಡುಗಡೆಯಾದವನು. ಆ ಜನ ಎಂಥವರೆಂದು ಅವನಿಗೆ ಗೊತ್ತಿತ್ತು. ಅವನು ಸಂಧಿಯ ಕಡೆಗೇ ವಾಲಿದ್ದಕ್ಕೆ ಅದೇ ಕಾರಣ ಎಂದು ನನ್ನ ಊಹೆ.

1570ರ ಮೇ ತಿಂಗಳಲ್ಲಿ ಮಾರ್ಟಿನ್ ದೆ ಗೊಯ್ತಿ ಎಂಬ ಸೇನಾನಿ ಬಂದ. ಅವನ ಜೊತೆ ಸ್ಪೇನಿನವರಿಗಿಂತ ಹೆಚ್ಚು ಇದ್ದವರು ಮಧ್ಯ ದ್ವೀಪಗಳಾದ ವಿಸಾಯಾದ ಜನ. ಊರೂರಿಗೂ ಒಡೆಯರು ಬೇರೆಯಾದಾಗ ಒಂದೂರನ್ನು ಇನ್ನೊಂದರ ಮೇಲೆ ಎತ್ತಿಕಟ್ಟುವುದು ಸುಲಭ. ನಮ್ಮ ಪಂಚಾಯಿತಿ ಚುನಾವಣೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸುಲೈಮಾನ್ ಸ್ನೇಹಕ್ಕೆ ಒಪ್ಪಿದ, ಕಪ್ಪ ಕೊಡಲು ಒಪ್ಪಲಿಲ್ಲ. ತಾವು ಅವಮಾನ ಸಹಿಸುವ ಜನವಲ್ಲ ಎಂದು ಮುಖದ ಮೇಲೆಯೇ ತಿಳಿಸಿದ. ಮಾತು ಮುರಿಯಿತು, ಗುಂಡು ಹಾರಿತು. ಮೊದಲು ಹಾರಿಸಿದವರು ಮನಿಲಾದವರೇ ಎಂದು ದಾಖಲೆ ಹೇಳುತ್ತದೆ. ದಾಖಲೆ ಬರೆದವರು ಸ್ಪೇನಿನವರು.

ತಾಳೆಮರದ ಕಾಂಡ, ಮಣ್ಣು ಸೇರಿಸಿ ಕಟ್ಟಿದ್ದ ಕೋಟೆ ಬಿತ್ತು, ಊರು ಸುಟ್ಟಿತು. ಸುಲೈಮಾನನ ಮನೆಯ ಪಕ್ಕದಲ್ಲೇ ಫಿರಂಗಿ ಎರಕ ಹೊಯ್ಯುವ ಜಾಗವಿತ್ತು, ಮಣ್ಣಿನ ಮತ್ತು ಮೇಣದ ಅಚ್ಚುಗಳಿದ್ದವು. ಲೋಹದ ಕೆಲಸ ಬಲ್ಲ ಜನ ಅವರು. ಗೊಯ್ತಿ ಆ ಸಲ ಹಿಂದಿರುಗಿದ.

ಮರುವರ್ಷ ಮುಖ್ಯಾಧಿಕಾರಿ ಲೆಗಾಸ್ಪಿಯೇ ದೊಡ್ಡ ಪಡೆಯೊಂದಿಗೆ ಬಂದಾಗ, ವೈರಿಗೆ ಸಿಗಬಾರದೆಂದು ಮನಿಲಾದವರು ತಾವು ಮತ್ತೆ ಕಟ್ಟಿದ್ದ ಊರಿಗೆ ತಾವೇ ಬೆಂಕಿ ಇಟ್ಟರು. ಮತಾಂದಾ, ಲಕಂದೂಲ ಮೊದಲು ಸಂಧಿಗೆ ಬಂದರು, ಆಮೇಲೆ ಸುಲೈಮಾನನೂ ಬಂದ. 1571ರ ಜೂನ್ 3ರಂದು ಬಂಗ್ಕುಸಾಯ್ ಕೊಲ್ಲಿಯಲ್ಲಿ ಹೋರಾಡಿ ಸತ್ತವನು ಮಕಬೆಬೆ ಊರಿನ ಬೇರೊಬ್ಬ ತರುಣ. ಹಲವರು ಅವನನ್ನೇ ಸುಲೈಮಾನ್ ಎಂದು ಬರೆದಿದ್ದಾರೆ. ವೀರಮರಣ ಹೊಂದಿದ ನಾಯಕನ ಕಥೆ ಕೇಳಲು ಚೆನ್ನ, ಆದರೆ ಸುಲೈಮಾನ್ ಬದುಕಿ ಉಳಿದ. ಸೋತು, ತಲೆಬಾಗಿ, ತನ್ನ ಊರಿನಲ್ಲಿ ಪರರು ನಗರ ಕಟ್ಟುವುದನ್ನು ನೋಡಿದ. ಅದು ಇನ್ನೂ ಕಷ್ಟ. ಜೂನ್ 24ರಂದು ಲೆಗಾಸ್ಪಿ ಮನಿಲಾವನ್ನು ಸ್ಪೇನಿನ ನಗರವೆಂದು ಸಾರಿದ. ಸುಲೈಮಾನನ ಕೋಟೆ ಇದ್ದ ಜಾಗದಲ್ಲಿ ಸ್ಯಾಂಟಿಯಾಗೊ ಕೋಟೆ ಎದ್ದಿತು. 1896ರಲ್ಲಿ ಹೊಸೆ ರಿಸಾಲ್ ಅವರನ್ನು ಗುಂಡಿಕ್ಕುವ ಮುಂಚೆ ಸೆರೆ ಇಟ್ಟದ್ದು ಅದೇ ಕೋಟೆಯಲ್ಲಿ.

ಸಂಧಿಯ ಹೊತ್ತಿಗೆ ಈ ಮನೆತನಗಳಿಗೆ ಕಪ್ಪದಿಂದ ವಿನಾಯಿತಿ ಕೊಟ್ಟಿದ್ದರು. 1572ರಲ್ಲಿ ಲೆಗಾಸ್ಪಿ ಸತ್ತ. ನಂತರ ಬಂದ ಲವೆಸಾರಿಸ್ ಆ ಮಾತು ಉಳಿಸಿಕೊಳ್ಳಲಿಲ್ಲ, ಜಮೀನಿಗೂ ಕೈ ಹಾಕಿದ. 1574ರ ಕೊನೆಯಲ್ಲಿ ಚೀನಾದ ಕಡಲುಗಳ್ಳ ಲಿಮಾಹೋಂಗ್ ಮನಿಲಾದ ಮೇಲೆ ಬಿದ್ದು ಗೊಯ್ತಿಯನ್ನು ಕೊಂದಾಗ, ಸುಲೈಮಾನ್ ಮತ್ತು ಲಕಂದೂಲ ಒಟ್ಟಿಗೆ ದಂಗೆ ಎದ್ದರು. ಲೆಗಾಸ್ಪಿಯ ಮೊಮ್ಮಗ ಸಾಲ್ಸೆದೊ ಮತ್ತು ಒಬ್ಬ ಪಾದ್ರಿ ಹೋಗಿ, ಹಳೆಯ ಮಾತನ್ನೇ ಮತ್ತೆ ಕೊಟ್ಟು ಅವರನ್ನು ಒಪ್ಪಿಸಿ ಹಿಂದಕ್ಕೆ ಕರೆತಂದರು.

ಹದಿಮೂರು ವರ್ಷಗಳ ನಂತರ, 1587ರಲ್ಲಿ, ಈ ಒಡೆಯರ ಮಕ್ಕಳೂ ಬಂಧುಗಳೂ ಸೇರಿ ಗುಟ್ಟಾಗಿ ಮತ್ತೊಂದು ದಂಗೆಗೆ ತಯಾರಾದರು. ಸುದ್ದಿ ಸೋರಿತು. ಮರಣದಂಡನೆಗೆ ಒಳಗಾದವರಲ್ಲಿ ಲಕಂದೂಲನ ಮಗ ಮಗಾತ್ ಸಲಾಮತ್ ಕೂಡ ಇದ್ದ.