ಉಪ್ಪು ಬೆವರಿನ ಕಾಯಿಲೆಗೆ ಹೆಸರು ಕೊಟ್ಟ ವೈದ್ಯೆ: ಡಾ. ಡೊರೊಥಿ ಆ್ಯಂಡರ್ಸನ್

ಮಗುವಿನ ಹಣೆಗೆ ಮುತ್ತಿಟ್ಟಾಗ ತುಟಿಗೆ ಉಪ್ಪು ಹತ್ತಿದರೆ ಆ ಮಗುವಿಗೆ ಮಾಟ ತಗುಲಿದೆ, ಅದು ಹೆಚ್ಚು ದಿನ ಬದುಕುವುದಿಲ್ಲ ಎಂಬ ನಂಬಿಕೆ ಹಿಂದೆ ಯುರೋಪಿನಲ್ಲಿತ್ತು. ಮಾಟದ ಮಾತು ಸುಳ್ಳು. ಉಪ್ಪಿನ ಮಾತು ಮಾತ್ರ ಪೂರ್ತಿ ಸುಳ್ಳಲ್ಲ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಕಾಯಿಲೆ ಇರುವ ಮಕ್ಕಳ ಬೆವರಿನಲ್ಲಿ ಉಪ್ಪಿನಂಶ ವಿಪರೀತ ಇರುತ್ತದೆ. ಮಕ್ಕಳು ಸಾಯುತ್ತಿದ್ದುದೂ ನಿಜ, ಏಕೆಂದರೆ ಆಗ ಈ ಕಾಯಿಲೆಗೆ ಹೆಸರೂ ಇರಲಿಲ್ಲ, ಮದ್ದೂ ಇರಲಿಲ್ಲ.

ಇಂದು ಇದೇ ಕಾಯಿಲೆ ಇರುವ ಮಕ್ಕಳು ಬೆಳೆದು ಕಾಲೇಜಿಗೆ ಹೋಗುತ್ತಾರೆ, ಕೆಲಸ ಮಾಡುತ್ತಾರೆ. ಅದಕ್ಕೆ ದಾರಿ ಮಾಡಿದವರಲ್ಲಿ ಮೊದಲಿಗರು ಅಮೆರಿಕದ ವೈದ್ಯೆ ಡೊರೊಥಿ ಆ್ಯಂಡರ್ಸನ್. ಅವರ ಬದುಕಿನ ಜೊತೆಗೆ ಈ ಕಾಯಿಲೆಯನ್ನೂ ತಿಳಿಯೋಣ.

ಸರ್ಜರಿ ಬಾಗಿಲು ಮುಚ್ಚಿತು

ಡೊರೊಥಿ ಹುಟ್ಟಿದ್ದು 1901ರಲ್ಲಿ, ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಆ್ಯಶ್‌ವಿಲ್‌ನಲ್ಲಿ. ತಂದೆ ಡೆನ್ಮಾರ್ಕ್ ಮೂಲದವರು. ಒಬ್ಬಳೇ ಮಗಳು. 13ನೇ ವಯಸ್ಸಿಗೆ ತಂದೆ ತೀರಿಕೊಂಡರು, ಕಾಯಿಲೆಯಲ್ಲಿದ್ದ ತಾಯಿ 1920ರಲ್ಲಿ. ಹತ್ತಿರದವರು ಯಾರೂ ಇಲ್ಲದೆ ಓದು ಮುಂದುವರಿಸಿದ ಡೊರೊಥಿ, 1926ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಿಂದ ವೈದ್ಯೆಯಾಗಿ ಹೊರಬಂದರು.

ಅವರಿಗೆ ಸರ್ಜನ್ ಆಗುವ ಆಸೆ ಇತ್ತು. ಮಹಿಳೆ ಎಂಬ ಕಾರಣಕ್ಕೆ ಆ ತರಬೇತಿಗೆ ಅವಕಾಶ ಸಿಗಲಿಲ್ಲ. ಹಾಗಾಗಿ ಪೆಥಾಲಜಿ, ಅಂದರೆ ರೋಗದಿಂದ ದೇಹದೊಳಗೆ ಆಗುವ ಬದಲಾವಣೆಗಳನ್ನು ಪರೀಕ್ಷಿಸುವ ವಿಭಾಗಕ್ಕೆ ಬಂದರು. 1935ರಲ್ಲಿ ನ್ಯೂಯಾರ್ಕಿನ ಬೇಬೀಸ್ ಹಾಸ್ಪಿಟಲ್ ಸೇರಿದರು. ತೀರಿಕೊಂಡ ಮಕ್ಕಳ ಶವಪರೀಕ್ಷೆ ಮಾಡುವುದು ಅಲ್ಲಿ ಅವರ ಕೆಲಸದ ಭಾಗವಾಗಿತ್ತು.

ಕಾಗದದಲ್ಲಿ ಒಂದು, ದೇಹದಲ್ಲಿ ಇನ್ನೊಂದು

ಆ ಕಾಲದಲ್ಲಿ ಎಷ್ಟು ತಿಂದರೂ ಮೈಹತ್ತದೆ, ಜಿಡ್ಡು ಜಿಡ್ಡಾಗಿ ಭೇದಿ ಮಾಡುತ್ತ ಸೊರಗುವ ಮಕ್ಕಳಿಗೆಲ್ಲ ಸೀಲಿಯಾಕ್ ಕಾಯಿಲೆ ಎಂದು ಬರೆದುಬಿಡುತ್ತಿದ್ದರು. ಹಾಗೆ ಬರೆಸಿಕೊಂಡು ತೀರಿಕೊಂಡ ಒಂದು ಮಗುವಿನ ಶವಪರೀಕ್ಷೆಯಲ್ಲಿ ಆ್ಯಂಡರ್ಸನ್ ಅವರಿಗೆ ಬೇರೆಯೇ ಚಿತ್ರ ಕಂಡಿತು. ಆಹಾರ ಜೀರ್ಣಿಸುವ ಕಿಣ್ವಗಳನ್ನು ತಯಾರಿಸುವ ಮೇದೋಜೀರಕ ಗ್ರಂಥಿ ಹಾಳಾಗಿತ್ತು. ನಾಳಗಳು ಕಟ್ಟಿಕೊಂಡು, ಸಣ್ಣ ಸಣ್ಣ ಚೀಲಗಳಾಗಿ, ಸುತ್ತಲೂ ನಾರು ಬೆಳೆದಿತ್ತು.

ಇದೊಂದು ಅಪರೂಪ ಎಂದು ಅವರು ಕಡತ ಮುಚ್ಚಲಿಲ್ಲ. ತಮ್ಮ ಆಸ್ಪತ್ರೆಯ ಹಳೆಯ ದಾಖಲೆ, ಬೇರೆ ಆಸ್ಪತ್ರೆಗಳ ಮಾಹಿತಿ, ಮೊದಲೇ ಪ್ರಕಟವಾಗಿದ್ದ ವರದಿ ಎಲ್ಲವನ್ನೂ ಜಾಲಾಡಿ, 1938ರಲ್ಲಿ 49 ಪ್ರಕರಣಗಳ ಅಧ್ಯಯನ ಪ್ರಕಟಿಸಿದರು. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹೆಸರು ಬಳಕೆಗೆ ಬಂದದ್ದು ಇದರಿಂದ. ಸ್ವಿಟ್ಜರ್ಲೆಂಡಿನ ಗಿಡೋ ಫಾಂಕೋನಿ 1936ರಲ್ಲೇ ಇಂಥ ಮಕ್ಕಳ ಬಗ್ಗೆ ಬರೆದಿದ್ದರು. ಆದರೆ ಇದು ಪ್ರತ್ಯೇಕ ಕಾಯಿಲೆ ಎಂದು ಇಷ್ಟು ವಿವರವಾಗಿ ಕಟ್ಟಿಕೊಟ್ಟವರು ಆ್ಯಂಡರ್ಸನ್.

ಬದುಕಿರುವಾಗಲೇ ಪತ್ತೆ

ಸತ್ತ ಮೇಲೆ ಕಾರಣ ತಿಳಿದು ಆ ಮನೆಯವರಿಗೆ ಏನು ಸಿಕ್ಕೀತು? ಆ್ಯಂಡರ್ಸನ್ ಶವಪರೀಕ್ಷೆಯ ಕೋಣೆಯಿಂದ ವಾರ್ಡಿಗೆ ಬಂದರು. ಸಣ್ಣ ಕೊಳವೆಯಿಂದ ಮಗುವಿನ ಸಣ್ಣ ಕರುಳಿನ ದ್ರವ ತೆಗೆದು ಕಿಣ್ವಗಳನ್ನು ಅಳೆದು, ಬದುಕಿರುವಾಗಲೇ ಕಾಯಿಲೆ ಗುರುತಿಸುವ ವಿಧಾನ ರೂಪಿಸಿದರು. ಪ್ರಾಣಿಗಳ ಮೇದೋಜೀರಕದಿಂದ ತೆಗೆದ ಕಿಣ್ವ, ವಿಟಮಿನ್‌ಗಳು, ಪಥ್ಯದ ಊಟ, ಆಗಷ್ಟೇ ಬಂದಿದ್ದ ಆ್ಯಂಟಿಬಯೋಟಿಕ್‌ಗಳು ಹೀಗೆ ಚಿಕಿತ್ಸೆಗೆ ಒಂದು ರೂಪ ಬಂತು.

1946ರಲ್ಲಿ ಅವರು ಮತ್ತು ಸಹೋದ್ಯೋಗಿ ಇನ್ನೊಂದು ಮುಖ್ಯ ವಿಷಯ ಹೇಳಿದರು: ಈ ಕಾಯಿಲೆ ವಂಶವಾಹಿಯಿಂದ ಬರುತ್ತದೆ, ತಂದೆ ತಾಯಿ ಇಬ್ಬರಿಂದಲೂ ದೋಷ ಬಂದರೆ ಮಾತ್ರ ಮಗುವಿಗೆ ಬರುತ್ತದೆ.

1948ರ ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ ಬಿಸಿಗಾಳಿ. ಬಿಸಿಲಿಗೆ ಬಳಲಿ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಈ ಕಾಯಿಲೆಯವರು ಹೆಚ್ಚಿರುವುದನ್ನು ಆ್ಯಂಡರ್ಸನ್ ಮತ್ತು ವಾಲ್ಟರ್ ಕೆಸ್ಲರ್ ಗಮನಿಸಿದರು. ಇದರ ಜಾಡು ಹಿಡಿದ ಅವರ ಸಹೋದ್ಯೋಗಿ ಪಾಲ್ ಡಿ ಸಾಂಟ್ಆ್ಯನ್ಯೀಸ್, ಆ ಮಕ್ಕಳ ಬೆವರಿನಲ್ಲಿ ಉಪ್ಪು ಹೆಚ್ಚು ಎಂದು 1953ರಲ್ಲಿ ತೋರಿಸಿದರು. ಇಂದಿಗೂ ಮುಖ್ಯ ಪರೀಕ್ಷೆ ಬೆವರಿನ ಪರೀಕ್ಷೆಯೇ, ಸೂಜಿ ಚುಚ್ಚುವ ಅಗತ್ಯವೂ ಇಲ್ಲ. ಜನರ ನಂಬಿಕೆಯಲ್ಲಿದ್ದ ಉಪ್ಪಿಗೆ ಕೊನೆಗೆ ಕಾರಣ ಸಿಕ್ಕಿತು.

ತಮ್ಮ ತೋಟದ ಮನೆಯಲ್ಲಿ ಮರಗೆಲಸವನ್ನೂ ತಾವೇ ಮಾಡುತ್ತಿದ್ದ ಆ್ಯಂಡರ್ಸನ್, 1963ರಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರಿಗೆ ಧೂಮಪಾನದ ಅಭ್ಯಾಸವಿತ್ತು. ಕೊನೆಯ ವರ್ಷಗಳಲ್ಲಿ ಅವರು ಬರೆದದ್ದು ಈ ಕಾಯಿಲೆಯೊಂದಿಗೆ ಯೌವನಕ್ಕೆ ಕಾಲಿಟ್ಟವರ ಬಗ್ಗೆ. ಶವಪರೀಕ್ಷೆಯಿಂದ ಆರಂಭಿಸಿದವರು ಅಷ್ಟನ್ನು ಕಣ್ಣಾರೆ ಕಂಡರು.

ಇಂದು ಒಂದು ಮಗುವಿನ ದಿನ

ಈ ಕಾಯಿಲೆಯ ವಂಶವಾಹಿ ಪತ್ತೆಯಾದದ್ದು 1989ರಲ್ಲಿ. ಅದರ ದೋಷದಿಂದ ಜೀವಕೋಶಗಳಲ್ಲಿ ಉಪ್ಪು, ನೀರಿನ ಓಡಾಟ ತಪ್ಪಿ ಲೋಳೆ ಅಂಟಂಟಾಗುತ್ತದೆ. ಶ್ವಾಸಕೋಶದಲ್ಲಿ ಕಫ ಕಟ್ಟಿ ಸೋಂಕು ನೆಲೆಸುತ್ತದೆ.

ಹಾಗಾಗಿ ಬೆಳಿಗ್ಗೆ ಎದ್ದೊಡನೆ ನೆಬ್ಯುಲೈಸರ್. ಆಮೇಲೆ ಬೆನ್ನು, ಎದೆ ತಟ್ಟಿಯೋ ಉಸಿರಾಟದ ವ್ಯಾಯಾಮದಿಂದಲೋ ಕಫ ಸಡಿಲಿಸಿ ಹೊರಹಾಕಬೇಕು. ಸಂಜೆ ಮತ್ತೆ ಅದೇ. ಪ್ರತಿ ಊಟ, ತಿಂಡಿ, ಹಾಲಿನ ಜೊತೆ ಕಿಣ್ವದ ಕ್ಯಾಪ್ಸೂಲ್. ಎ, ಡಿ, ಇ, ಕೆ ವಿಟಮಿನ್‌ಗಳು. ಬೇಸಿಗೆಯಲ್ಲಿ ವೈದ್ಯರು ಹೇಳಿದಷ್ಟು ಹೆಚ್ಚುವರಿ ಉಪ್ಪು. ಹಬ್ಬವಿರಲಿ, ಪರೀಕ್ಷೆ ಇರಲಿ, ರಜೆ ಇಲ್ಲ. ಒಂದು ದಿನ ಬಿಟ್ಟರೆ ಏನೂ ಆಗಿಲ್ಲ ಅನ್ನಿಸುತ್ತದೆ. ಬಿಡುತ್ತಾ ಹೋದರೆ ಶ್ವಾಸಕೋಶಕ್ಕಾದ ಹಾನಿ ಮರಳಿ ಸರಿಹೋಗುವುದು ಕಷ್ಟ.

ಆ್ಯಂಡರ್ಸನ್ ಕಾಲದಲ್ಲಿ ಜಿಡ್ಡು ಕಡಿಮೆ ಇರುವ ಊಟ ಕೊಡುತ್ತಿದ್ದರು. ಮುಂದೆ ಕೆನಡಾದ ಟೊರಾಂಟೊ ವೈದ್ಯರು ಸಾಕಷ್ಟು ಕಿಣ್ವದ ಜೊತೆ ತುಪ್ಪ, ಬೆಣ್ಣೆಯಂಥ ಜಿಡ್ಡನ್ನೂ ಧಾರಾಳವಾಗಿ ಕೊಟ್ಟರೆ ಮಕ್ಕಳು ಚೆನ್ನಾಗಿ ಬೆಳೆಯುತ್ತಾರೆ ಎಂದು ಕಂಡರು. ಈಗಿನ ಸಲಹೆ ಅದೇ. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೂರು ಔಷಧಿಗಳ ಸಂಯೋಜನೆ ಮೂಲ ದೋಷವನ್ನೇ ಸರಿಪಡಿಸಲು ನೆರವಾಗುತ್ತದೆ. ಆದರೆ ಅದರ ಬೆಲೆ ವಿಪರೀತ, ಎಲ್ಲ ಬಗೆಯ ದೋಷಕ್ಕೂ ಅದು ಕೆಲಸ ಮಾಡುವುದಿಲ್ಲ.

ನಾವು ತಿಳಿದಿರಬೇಕಾದದ್ದು

ಇದು ಬಿಳಿಯರ ಕಾಯಿಲೆ, ಭಾರತದಲ್ಲಿಲ್ಲ ಎಂಬ ಮಾತು ಸುಳ್ಳು. ಇಲ್ಲೂ ಇದೆ. ದೆಹಲಿಯ ಏಮ್ಸ್, ವೆಲ್ಲೂರಿನ ಸಿಎಂಸಿಯಂಥ ಕಡೆ ಇದರ ಚಿಕಿತ್ಸೆ ನಡೆಯುತ್ತದೆ. ಆದರೆ ನ್ಯುಮೋನಿಯಾ, ಅಸ್ತಮಾ, ಟಿಬಿ, ಅಪೌಷ್ಟಿಕತೆ ಎಂಬ ಹೆಸರುಗಳ ಹಿಂದೆ ಇದು ಅಡಗಿಕೊಳ್ಳುವುದುಂಟು, 1930ರ ದಶಕದಲ್ಲಿ ಸೀಲಿಯಾಕ್ ಹೆಸರಿನ ಹಿಂದೆ ಅಡಗಿದ್ದಂತೆ.

ಇದು ತಾಯಿಯ ತಪ್ಪು ಎಂಬುದೂ ಸುಳ್ಳು. ತಂದೆ ತಾಯಿ ಇಬ್ಬರೂ ದೋಷದ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಕಾಯಿಲೆಯ ಸಾಧ್ಯತೆ ನಾಲ್ಕರಲ್ಲಿ ಒಂದು. ನಮ್ಮಲ್ಲಿ ರೂಢಿಯಲ್ಲಿರುವ ಸೋದರ ಸಂಬಂಧದ ಮದುವೆಗಳಲ್ಲಿ ಇಬ್ಬರೂ ಒಂದೇ ದೋಷ ಹೊತ್ತಿರುವ ಸಾಧ್ಯತೆ ಹೆಚ್ಚು. ಸಂಬಂಧವೇ ಇಲ್ಲದವರ ಮಕ್ಕಳಿಗೂ ಇದು ಬರಬಹುದು.

ಕಿಣ್ವದ ಕ್ಯಾಪ್ಸೂಲ್ ಬಿಡಿಸಿ ಚೂರ್ಣ ಕೊಡಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆ ಕಿಣ್ವ ಹಂದಿಯ ಮೇದೋಜೀರಕದಿಂದ ಬರುತ್ತದೆ ಎಂದು ಕೆಲವು ಮನೆಗಳಲ್ಲಿ ಹಿಂಜರಿಕೆ ಇರುತ್ತದೆ. ಅದನ್ನು ವೈದ್ಯರ ಹತ್ತಿರ ಬಿಚ್ಚಿ ಮಾತಾಡಿ, ನೀವಾಗಿಯೇ ನಿಲ್ಲಿಸಬೇಡಿ.

ಎಲ್ಲರ ಬೆವರೂ ಉಪ್ಪೇ, ಅಷ್ಟಕ್ಕೇ ಗಾಬರಿ ಬೇಡ. ಆದರೆ ಮಗುವಿನ ಚರ್ಮ ವಿಪರೀತ ಉಪ್ಪಾಗಿರುವುದರ ಜೊತೆ ಮತ್ತೆ ಮತ್ತೆ ನ್ಯುಮೋನಿಯಾ, ಬಿಡದ ಕೆಮ್ಮು, ಜಿಡ್ಡಿನ ದುರ್ವಾಸನೆಯ ಮಲ, ಎಷ್ಟು ತಿಂದರೂ ಏರದ ತೂಕ ಇದ್ದರೆ ದೃಷ್ಟಿ ತೆಗೆಸುತ್ತಾ ದಿನ ಕಳೆಯಬೇಡಿ. ಬೆವರಿನ ಪರೀಕ್ಷೆ ಬೇಕೇ ಎಂದು ಮಕ್ಕಳ ವೈದ್ಯರನ್ನು ಕೇಳಿ. ನಿಮ್ಮ ಫ್ಯಾಮಿಲಿ ಗ್ರೂಪಿಗೆ ಕಳಿಸುವುದಾದರೆ ಈ ಕೊನೆಯ ಪ್ಯಾರಾವನ್ನಾದರೂ ಕಳಿಸಿ.